ಬಳ್ಳಾರಿಯ ಬಿಸಿಲನ್ನು ಬರೆದಿಡುವುದು

ಶಾಲೆಯ ವಿಜ್ಞಾನ ಪಾಠದೊಳಗೆ ಸೆನ್ಸರ್‌ಗಳು ಕಾಲಿಟ್ಟದ್ದು 1980ರ ದಶಕದಲ್ಲಿ. ಅಮೆರಿಕದ ಟರ್ಕ್ ಎಂಬ ಶಿಕ್ಷಣ ಸಂಶೋಧನಾ ಸಂಸ್ಥೆಯ ರಾಬರ್ಟ್ ಟಿಂಕರ್ ಮತ್ತು ಸಂಗಡಿಗರು ತಾಪಮಾನ, ದೂರ ಅಳೆಯುವ ಸಾಧನಗಳನ್ನು ಕಂಪ್ಯೂಟರಿಗೆ ಜೋಡಿಸಿದರು. ವಿದ್ಯಾರ್ಥಿ ಹಿಂದೆ ಮುಂದೆ ನಡೆದಂತೆಲ್ಲ ಆ ನಡಿಗೆಯ ಗ್ರಾಫ್ ಪರದೆಯ ಮೇಲೆ ಮೂಡತೊಡಗಿತು. ಹೀದರ್ ಬ್ರಾಸೆಲ್ 1987ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ವಿಜ್ಞಾನ ಶಿಕ್ಷಕರೂ ತಿಳಿದಿರಬೇಕು. ನಡೆಯುತ್ತಿರುವಾಗಲೇ ಗ್ರಾಫ್ ಕಂಡ ಮಕ್ಕಳಿಗೆ ಅದರ ಅರ್ಥ ಹೊಳೆದುಬಿಟ್ಟಿತು. ಅದೇ ಗ್ರಾಫ್ ಅರ್ಧ ನಿಮಿಷದಷ್ಟು ತಡವಾದರೆ ಆ ಲಾಭ ಬಹುಪಾಲು ಇಲ್ಲವಾಯಿತು.

ನಮ್ಮಲ್ಲಿ 1984ರ ‘ಕ್ಲಾಸ್’ ಯೋಜನೆ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ತಂದಿತು. ವೋಲ್ಟೇಜ್ ಓದುವ ಪೋರ್ಟ್ ಅದರಲ್ಲೇ ಇತ್ತು. ಆದರೆ ಯೋಜನೆಯ ಗುರಿ ಕಂಪ್ಯೂಟರ್ ಸಾಕ್ಷರತೆ; ಪ್ರಯೋಗಶಾಲೆಯ ಕಡೆ ಯಾರೂ ಹೆಚ್ಚು ನೋಡಲಿಲ್ಲ.

ಪ್ರಯೋಗಶಾಲೆಗೆ ದಾರಿ ತೆರೆದದ್ದು ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಫೀನಿಕ್ಸ್ ಯೋಜನೆ. ಬಿ.ಪಿ. ಅಜಿತ್ ಕುಮಾರ್ ಮತ್ತು ತಂಡ ಅಲ್ಲಿ ರೂಪಿಸಿದ ‘ಎಕ್ಸ್‌ಪೈಸ್’ ಸೆನ್ಸರ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಅಂಗೈಯಗಲದ ಪೆಟ್ಟಿಗೆ. ವಿನ್ಯಾಸವೂ ತಂತ್ರಾಂಶವೂ ಮುಕ್ತ. 30 ಸೆಂಟಿಮೀಟರ್ ಎತ್ತರದಿಂದ ಬೀಳುವ ಗುಂಡಿಗೆ ಸುಮಾರು 247 ಮಿಲಿಸೆಕೆಂಡ್ ಸಾಕು. ಸ್ಟಾಪ್‌ವಾಚ್ ಒತ್ತುವ ಬೆರಳಿಗೆ ಅದು ದಕ್ಕದು, ಈ ಪೆಟ್ಟಿಗೆಗೆ ಸಲೀಸು.

ಸೆನ್ಸರ್‌ಗಳನ್ನು ಓದಬಲ್ಲ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಆರ್ಡುಯಿನೋ ಹುಟ್ಟಿದ್ದು 2005ರಲ್ಲಿ. 2016ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಟಲ್ ಇನ್ನೋವೇಶನ್ ಮಿಷನ್ ಆಯ್ದ ಶಾಲೆಗೆ ತಲಾ 20 ಲಕ್ಷ ರೂಪಾಯಿವರೆಗಿನ ಅನುದಾನದ ಟಿಂಕರಿಂಗ್ ಲ್ಯಾಬ್ ತಂದಾಗ ಆ ಬೋರ್ಡ್ ಮಕ್ಕಳ ಕೈಗೂ ಬಂತು. ಎಲ್‌ಎಂ35 ಎಂಬ ಪುಟ್ಟ ತಾಪಮಾನ ಸೆನ್ಸರ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 10 ಮಿಲಿವೋಲ್ಟ್ ಕೊಡುತ್ತದೆ. ಆರ್ಡುಯಿನೋ ಊನೋ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಓದುವುದರಿಂದ ಒಂದು ಮೆಟ್ಟಿಲೆಂದರೆ ಹೆಚ್ಚುಕಡಿಮೆ ಅರ್ಧ ಡಿಗ್ರಿ. ಪರದೆಯಲ್ಲಿ 38.57 ಎಂದು ಕಂಡರೂ ಕೊನೆಯ ಎರಡು ಅಂಕಿಗಳನ್ನು ನಂಬುವಂತಿಲ್ಲ. ಮಕ್ಕಳೇ ಲೆಕ್ಕ ಹಾಕಿ ಇದನ್ನು ಕಂಡುಕೊಳ್ಳಬಹುದು. ಆದರೆ ಈ ಸೆನ್ಸರ್‌ಗಳು ಹೆಚ್ಚಾಗಿ ವಸ್ತುಪ್ರದರ್ಶನದ ದಿನ ದೀಪ ಹೊತ್ತಿಸುವುದಕ್ಕಷ್ಟೇ ಬಳಕೆಯಾಗುವುದು ನನಗೆ ಬೇಸರದ ಸಂಗತಿ. ದಿನಗಟ್ಟಲೆ ಬೇಸರವಿಲ್ಲದೆ ದಾಖಲಿಸುವುದೇ ಇವುಗಳ ಶಕ್ತಿ.

ಆ ಕೆಲಸಕ್ಕೆ ಬಳ್ಳಾರಿಯಂಥ ನೆಲ ಸಿಗುವುದು ಅಪರೂಪ. ನಗರದಲ್ಲಿ 1954ರಿಂದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರವಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಮಾಹಿತಿ ಪಡೆಯುತ್ತದೆ. ಜಿಲ್ಲೆಯ ಸಿರುಗುಪ್ಪದ ಮಕ್ಕಳು ತಮ್ಮ ಮಳೆ ಲೆಕ್ಕವನ್ನು ಅದರ ಪಕ್ಕಕ್ಕಿಟ್ಟು ನೋಡಬಹುದು. ಕಾಲುವೆ ನೀರಿನಿಂದ ಸವಳಾದ ಭತ್ತದ ಗದ್ದೆಯ ಮಣ್ಣನ್ನು ನೀರಲ್ಲಿ ಕದಡಿ ಅದರ ವಿದ್ಯುತ್ ವಾಹಕತೆ ಅಳೆಯಬಹುದು. ಕುರುಗೋಡಿನ ಬಂಡೆಗುಡ್ಡದ ಬುಡ ರಾತ್ರಿ ಎಷ್ಟು ಹೊತ್ತಿಗೆ ತಣಿಯುತ್ತದೆ, ಎರೆ ಹೊಲ ಎಷ್ಟು ಹೊತ್ತಿಗೆ?

ಕಡು ಬೇಸಿಗೆಯಲ್ಲಿ ಶಾಲೆಗೆ ರಜೆ. ಬ್ಯಾಟರಿ, ಮೆಮೊರಿ ಕಾರ್ಡ್ ಹಾಕಿದ ಸೆನ್ಸರ್ ಪೆಟ್ಟಿಗೆಗೆ ರಜೆ ಬೇಕಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರೂ ಊರುಗಳ ಶಾಲೆಗಳು ಒಂದೇ ಬಗೆಯ ಪೆಟ್ಟಿಗೆಯನ್ನು ನೆರಳಲ್ಲಿ, ಒಂದೇ ಎತ್ತರದಲ್ಲಿ ತೂಗುಹಾಕಿ ಕಾಲು ಗಂಟೆಗೊಮ್ಮೆ ತಾಪಮಾನ ಬರೆಸಿದರೆ ದಿನಕ್ಕೆ 96 ಅಂಕಿ. ಜೂನ್‌ನಲ್ಲಿ ಮಕ್ಕಳು ಮೊದಲು ಹುಡುಕಬೇಕಾದದ್ದು ಬ್ಯಾಟರಿ ಸತ್ತ ದಿನಗಳನ್ನು, ಬಿಸಿಲು ನೇರ ಬಿದ್ದ ಗಂಟೆಗಳನ್ನು. ಯಾವ ಊರು ಹೆಚ್ಚು ಬೆಂದಿತು ಎಂಬ ವಾದ ಆಮೇಲೆ.