ದಂಡಿನ ಬೀಡಿನಿಂದ ಮಕ್ಕಳ ಶಿಬಿರಕ್ಕೆ

ಬೆಳಗಾವಿಯಲ್ಲಿ ಆಟೋದವನಿಗೆ ‘ಕ್ಯಾಂಪ್’ ಎಂದರೆ ಸಾಕು, ಯಾವ ಕ್ಯಾಂಪ್ ಎಂದು ಅವನು ಕೇಳುವುದಿಲ್ಲ. ಬ್ರಿಟಿಷರು ಸೈನ್ಯ ಇಳಿಸಿದ ಜಾಗಕ್ಕೆ ಆ ಹೆಸರು ಅಂಟಿಕೊಂಡೇ ಬಿಟ್ಟಿದೆ. ಬೆಂಗಳೂರಿನವರು ಅಂಥದ್ದನ್ನೇ ದಂಡು ಎಂದರು. ‘ಉರ್ದು’ ಎಂಬ ಮಾತಿಗಾದರೋ ಮೂಲದ ತುರ್ಕಿಯಲ್ಲಿ ಸೇನೆಯ ಬೀಡು ಎಂದೇ ಅರ್ಥ. ಅದು ಭಾಷೆಯ ಹೆಸರಾದದ್ದು ಆಮೇಲೆ. ಹೀಗೆ ಯುದ್ಧದ ಬೆನ್ನಿಗೆ ಬಂದ ಪದವೊಂದು ಹೈಸ್ಕೂಲು ಮಕ್ಕಳ ಬುತ್ತಿ, ಹಾಸಿಗೆ ಸುರುಳಿಗಳ ಜೊತೆ ಸೇರಿಕೊಂಡ ಕಥೆ ಕುತೂಹಲದ್ದು.

ಆ ಕೊಂಡಿಯನ್ನು ಬೆಸೆದವನೂ ಒಬ್ಬ ಸೈನ್ಯಾಧಿಕಾರಿಯೇ. ಭಾರತದಲ್ಲೂ ಸೇವೆ ಸಲ್ಲಿಸಿದ್ದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರಿಗೆ ಡೇರೆ ಹಾಕಿಸಿದ. ಸಿರಿವಂತರ ಮಕ್ಕಳೂ ದುಡಿಯುವವರ ಮಕ್ಕಳೂ ಒಟ್ಟಿಗೇ ಇರಬೇಕೆಂಬುದು ಅವನ ಹಟವಾಗಿತ್ತು. ಆದರೆ ಅದೇ ಸ್ಕೌಟಿಂಗ್ 1909ರಲ್ಲಿ ಬೆಂಗಳೂರಿಗೆ ಬಂದಾಗ ಬಾಗಿಲು ತೆರೆದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ! ನಮ್ಮ ಮಕ್ಕಳಿಗಾಗಿ ಆನಿ ಬೆಸೆಂಟ್ ಮದರಾಸಿನಲ್ಲಿ, ಮದನ ಮೋಹನ ಮಾಳವೀಯರು ಅಲಹಾಬಾದಿನಲ್ಲಿ ಬೇರೆ ದಳಗಳನ್ನೇ ಕಟ್ಟಬೇಕಾಯಿತು. ಎಲ್ಲ ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರಲ್ಲಿ.

ಇತ್ತ ನಮ್ಮ ಭಾಗದಲ್ಲಿ ಇನ್ನೊಂದು ದಾರಿ ತೆರೆದಿತ್ತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸಂಗಡಿಗರೊಡನೆ ಜೈಲು ಕಂಡವರು. ಶಿಸ್ತಿಲ್ಲದ ಉತ್ಸಾಹ ಜೈಲಿನ ಗೋಡೆಯೊಳಗೆ ಬೇಗ ಕರಗುತ್ತದೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ನೋಡಿದರು. ಅದೇ ವರ್ಷದ ಕೊನೆಗೆ ಮೌಲಾನಾ ಮುಹಮ್ಮದ್ ಅಲಿಯವರ ಅಧ್ಯಕ್ಷತೆಯ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮುಂದಿನ ವರ್ಷ, 1924ರ ಡಿಸೆಂಬರಿನಲ್ಲಿ, ಅದರ ಪರೀಕ್ಷೆ ನಡೆದದ್ದು ಬೆಳಗಾವಿಯಲ್ಲಿ. ಮುಹಮ್ಮದ್ ಅಲಿಯವರ ನಂತರ ಗಾಂಧೀಜಿ ಅಧ್ಯಕ್ಷರಾದ ಆ ಅಧಿವೇಶನಕ್ಕಾಗಿ ಟಿಳಕವಾಡಿಯ ಬಯಲಿನಲ್ಲಿ ‘ವಿಜಯನಗರ’ ಎಂಬ ಡೇರೆಗಳ ಊರೇ ಎದ್ದಿತು. ನೀರಿಗೆಂದು ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಾಯಿತು. ಇಂದಿಗೂ ಜನ ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಅದೇ ದಿನಗಳಲ್ಲಿ ಡಾ. ಸೈಫುದ್ದೀನ್ ಕಿಚ್ಲೂ ಅವರ ಅಧ್ಯಕ್ಷತೆಯಲ್ಲಿ ಖಿಲಾಫತ್ ಸಮ್ಮೇಳನವೂ ಇದೇ ಊರಿನಲ್ಲಿ ನಡೆಯಿತೆಂಬುದು ಶತಮಾನೋತ್ಸವದ ಭಾಷಣಗಳಲ್ಲಿ ಹೆಚ್ಚಾಗಿ ಕೇಳಿಬರಲಿಲ್ಲ.

ಅಲ್ಲಿ ದುಡಿದವರೆಲ್ಲ ಶಾಲಾಮಕ್ಕಳಲ್ಲ, ನಿಜ. ಆದರೆ ನಸುಕಿಗೆ ಏಳುವುದು, ಕವಾಯತು, ಸರದಿಯ ಮೇಲೆ ನೀರು ಮತ್ತು ಸ್ವಚ್ಛತೆ, ಒಂದೇ ಪಂಕ್ತಿಯ ಊಟ, ಇಂದಿನ ಶಾಲಾ ಶಿಬಿರಗಳ ದಿನಚರಿ ಇದಕ್ಕಿಂತ ಬೇರೆಯೇನಿದೆ? ಉಮಾಬಾಯಿ ಕುಂದಾಪುರ ನೂರೈವತ್ತಕ್ಕೂ ಹೆಚ್ಚು ಮಹಿಳೆಯರನ್ನು, ಅವರಲ್ಲಿ ಹಲವು ವಿಧವೆಯರನ್ನು, ಮನೆಯಿಂದ ಹೊರಗೆ ತಂದು ಸ್ವಯಂಸೇವಕಿಯರನ್ನಾಗಿಸಿದರು. ಮಗಳು ಎಲ್ಲಿ ಮಲಗುತ್ತಾಳೆ, ಜೊತೆಗೆ ಯಾರಿರುತ್ತಾರೆ, ಸ್ನಾನಕ್ಕೆ ಮರೆಯುಂಟೇ? ನಮ್ಮ ಉರ್ದು ಹೈಸ್ಕೂಲಿನ ಹುಡುಗಿಯ ಶಿಬಿರಕ್ಕೆ ಒಪ್ಪಿಗೆ ಕೇಳಿದಾಗ ತಾಯಿ ಹಾಕುವ ಈ ಪ್ರಶ್ನೆಗಳು ಉಮಾಬಾಯಿಯವರಿಗೂ ಹೊಸವಾಗಿರಲಾರವು. ಅವನ್ನು ಹಿಂದುಳಿದವರ ಸಂಶಯವೆಂದು ತಳ್ಳಿಹಾಕುವ ಸಂಘಟಕರು ಉತ್ತರ ಕೊಡುವ ಶ್ರಮವನ್ನು ಉಳಿಸಿಕೊಳ್ಳುತ್ತಾರೆ, ಅಷ್ಟೆ.

ಸ್ವಾತಂತ್ರ್ಯದ ನಂತರ 1948ರಲ್ಲಿ ಎನ್‌ಸಿಸಿ ಬಂತು, ಮರುವರ್ಷ ಹುಡುಗಿಯರ ವಿಭಾಗವೂ ಸೇರಿತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಊರಿನಲ್ಲಿ ಖಾಕಿಗೆ ಗೌರವ ಸಿಗದೆ ಇರುತ್ತದೆಯೇ? ಆದರೆ ಮೈದಾನದ ಶಿಬಿರದಲ್ಲಿ ಮರವೆಂಬುದು ಡೇರೆಯ ಹಗ್ಗ ಕಟ್ಟಲು ಇರುವಂಥದ್ದು.

ಮರವೇ ಪಾಠವಾಗಲು ಖಾನಾಪುರಕ್ಕೆ ಹೋಗಬೇಕು. ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಮಲಪ್ರಭೆ, ದೇಗಾಂವದ ಕಡೆ ಹುಟ್ಟಿ ಪಶ್ಚಿಮಕ್ಕೆ ಗೋವೆಯತ್ತ ಇಳಿಯುವ ಮಹದಾಯಿ, ಎರಡೂ ಒಂದೇ ತಾಲೂಕಿನವು. ಭೂಗೋಳದ ಪುಸ್ತಕದಲ್ಲಿ ಜಲವಿಭಾಜಕ ಎಂದು ಬಾಯಿಪಾಠ ಮಾಡಿದ್ದು ಅಲ್ಲಿ ಕಾಲಡಿಯ ನೆಲವಾಗುತ್ತದೆ. ಬಾರಾಪೇಡೆಯ ಗುಹೆಗಳಲ್ಲಿರುವ ರಾಟನ್ ಬಾವಲಿಗೆ ಬಹುಕಾಲ ಜಗತ್ತಿನಲ್ಲಿ ಅದೊಂದೇ ವಿಳಾಸವಾಗಿತ್ತು. ಮೇಘಾಲಯ ಮತ್ತು ಕಾಂಬೋಡಿಯಾದಲ್ಲಿ ಅದು ಸಿಕ್ಕಿದ್ದು ಎಷ್ಟೋ ಕಾಲದ ಮೇಲೆ. 2011ರಲ್ಲಿ ಸುಮಾರು 190 ಚದರ ಕಿಲೋಮೀಟರ್ ಕಾಡು ಭೀಮಗಡ ವನ್ಯಜೀವಿ ಧಾಮವಾಯಿತು. ಸರ್ಕಾರಿ ಹೈಸ್ಕೂಲು ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ‘ಚಿಣ್ಣರ ವನ ದರ್ಶನ’ವನ್ನು ಅರಣ್ಯ ಇಲಾಖೆ ರೂಪಿಸಿದೆ. ಫೀಸು ಕಟ್ಟಲಾಗದವರ ಮಕ್ಕಳಿಗೆ ಇಂಥದ್ದೊಂದು ಇರುವುದು ಸಣ್ಣ ಮಾತಲ್ಲ.

ಭೀಮಗಡದೊಳಗೂ ಊರುಗಳಿವೆ, ಮಕ್ಕಳಿದ್ದಾರೆ. ಹೆಜ್ಜೆಗುರುತು ನೋಡಿ ಪ್ರಾಣಿ ಹೇಳಬಲ್ಲ ಆ ಮಕ್ಕಳು ಹೈಸ್ಕೂಲಿಗೆ ಕಾಡಿನ ಹೊರಗೇ ಬರಬೇಕು. ಅವುಗಳಲ್ಲೊಂದಾದ ತಳೇವಾಡಿಯ ಹಲವು ಕುಟುಂಬಗಳು 2025ರಲ್ಲಿ ಪರಿಹಾರದ ಹಣ ಪಡೆದು ಊರು ಬಿಡಲು ಒಪ್ಪಿದವು. ಪೇಟೆಯ ಮಕ್ಕಳು ಕಾಡಿನ ಪಾಠಕ್ಕೆ ಒಳಗೆ ಹೋಗುವ ಹಾದಿಯೂ ಅದೇ, ಈ ಮಕ್ಕಳು ಗಂಟುಮೂಟೆಯೊಂದಿಗೆ ಹೊರಗೆ ಬರುವ ಹಾದಿಯೂ ಅದೇ.