‘ಬಾಲಾ’ ಚಿತ್ರ: ಸಾಕ್ಷ್ಯಚಿತ್ರವನ್ನು ಆಕರವಾಗಿ ಓದುವ ಕ್ರಮ

ಶಾಸನವೊಂದು ದೊರೆತಾಗ ಅದನ್ನು ಹಾಕಿಸಿದವರಾರು, ದತ್ತಿ ಬಿಟ್ಟವರಾರು, ಕಾಲವಾವುದು ಎಂದು ವಿಚಾರಿಸದೆ ಇತಿಹಾಸದ ವಿದ್ಯಾರ್ಥಿಯು ಮುಂದೆ ಹೋಗುವುದಿಲ್ಲ. ಆದರೆ ಕಲಾವಿದರ ಇಳಿವಯಸ್ಸಿನಲ್ಲಿ ತೆಗೆದ ಸಾಕ್ಷ್ಯಚಿತ್ರವನ್ನು ನೋಡುವಾಗ ಅದೇ ವಿದ್ಯಾರ್ಥಿ, ಒಮ್ಮೊಮ್ಮೆ ಅವನ ಅಧ್ಯಾಪಕನೂ, ಈ ಎಚ್ಚರವನ್ನು ಮರೆಯುವುದುಂಟು. ತೆರೆಯ ಮೇಲೆ ಕಂಡಷ್ಟೇ ಆ ಕಲೆಯೆಂದು ಭಾವಿಸುವ ಈ ರೂಢಿಯಿಂದ ನೃತ್ಯದ ಇತಿಹಾಸಕ್ಕೆ ಹಾನಿಯಾಗುತ್ತಿದೆಯೆಂದು ನಮ್ಮ ಅಭಿಪ್ರಾಯ. ಸತ್ಯಜಿತ್ ರಾಯ್ ಅವರು 1976ರಲ್ಲಿ ತಂಜಾವೂರು ಬಾಲಸರಸ್ವತಿಯವರನ್ನು ಕುರಿತು ನಿರ್ಮಿಸಿದ ‘ಬಾಲಾ’ ಎಂಬ 33 ನಿಮಿಷಗಳ ಚಿತ್ರವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಮಾತನ್ನು ಪರಿಶೀಲಿಸುವೆವು.

ಬಾಲಸರಸ್ವತಿಯವರು 1918ರಲ್ಲಿ ಮದರಾಸಿನಲ್ಲಿ ಜನಿಸಿದರು. ವೀಣೆ ಧನಮ್ಮಾಳರ ಮೊಮ್ಮಗಳು, ಗಾಯಕಿ ಜಯಮ್ಮಾಳರ ಮಗಳು. ಕಂದಪ್ಪ ಪಿಳ್ಳೆಯವರಲ್ಲಿ ಶಿಕ್ಷಣ ಪಡೆದು 1925ರಲ್ಲಿ, ಏಳನೆಯ ವಯಸ್ಸಿನಲ್ಲಿ, ಕಂಚಿಯಲ್ಲಿ ಮೊದಲ ಬಾರಿಗೆ ನರ್ತಿಸಿದರು. ದೇವದಾಸಿ ಸಂಪ್ರದಾಯದ ಮನೆತನಗಳ ಕಲೆಗೆ ಸಮಾಜದಲ್ಲಿ ಮನ್ನಣೆ ಕುಗ್ಗುತ್ತಿದ್ದ ಕಾಲವದು. 1947ರಲ್ಲಿ ಮದರಾಸು ಪ್ರಾಂತದ ಶಾಸನವು ದೇವದಾಸಿ ಸಮರ್ಪಣೆಯನ್ನೇ ನಿಷೇಧಿಸಿತು. ಇಂತಹ ಪರಂಪರೆಯ ಪ್ರಯೋಗವನ್ನು ಅರಿಯಲು ಬರೆಹದ ಆಕರಗಳು ಸಾಲವು. ಚಲನಚಿತ್ರದ ಬೆಲೆ ಇಲ್ಲಿಯೇ ತಿಳಿಯುವುದು. ಅದರ ಮಿತಿಯೂ ಇಲ್ಲಿಯೇ.

ರಾಯ್ ಅವರು ಈಕೆಯ ನೃತ್ಯವನ್ನು ಕಲ್ಕತ್ತೆಯಲ್ಲಿ ಮೊದಲು ಕಂಡುದು 1935ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ. ಚಿತ್ರ ತೆಗೆಯುವ ಯೋಜನೆ 1966ರಲ್ಲಿಯೇ ಇದ್ದಿತಾದರೂ ಅದು ಕೈಗೂಡಿದುದು ಹತ್ತು ವರ್ಷಗಳ ಮೇಲೆ. ಅಷ್ಟರಲ್ಲಿ ನರ್ತಕಿಗೆ 58 ವರ್ಷ. ಬೇರೆ ಕಲೆಗಳಲ್ಲಿ ಇದು ಪ್ರೌಢವಯಸ್ಸೆನಿಸಬಹುದು, ಪಾದಗಳಿಂದ ಬದುಕುವ ಕಲೆಯಲ್ಲಿ ಮುಪ್ಪೇ ಸರಿ. ಆಕೆಯ ಅಭಿನಯವು ಆಗಲೂ ಕುಂದಿರಲಿಲ್ಲವೆಂಬುದಕ್ಕೆ ಚಿತ್ರವೇ ಸಾಕ್ಷಿ. ಆದರೆ ವಿಳಂಬದಿಂದ ನಷ್ಟವಾದುದು ನರ್ತಕಿಯ ಯೌವನವೊಂದೇ ಎನ್ನಲಾಗದು. ಧನಮ್ಮಾಳರು 1938ರಲ್ಲಿ, ಕಂದಪ್ಪನವರು 1941ರಲ್ಲಿ ಗತಿಸಿದ್ದರು. ಅವರನ್ನು ಯಾರೂ ಹಿಡಿದಿಡಲಾರದಾಗಿತ್ತು. ಮಗಳ ನೃತ್ಯಕ್ಕೆ ಹಾಡುತ್ತಿದ್ದ ಜಯಮ್ಮಾಳರಾದರೋ 1967ರವರೆಗೆ ಬದುಕಿದ್ದರು. 1966ರ ಯೋಜನೆ ಕೂಡಲೆ ನೆರವೇರಿದ್ದರೆ ತಾಯಿಯ ಗಾನವೂ ಮಗಳ ಅಭಿನಯವೂ ಒಂದೇ ಚಿತ್ರದಲ್ಲಿ ಉಳಿಯುವ ಸಂಭವವಿತ್ತು. ಸಂಗೀತವನ್ನೇ ನೃತ್ಯದ ಜೀವವೆಂದು ನಂಬಿದ್ದ ಮನೆತನದ ವಿಷಯದಲ್ಲಿ ಇದು ಅಲ್ಪ ನಷ್ಟವಲ್ಲ.

ಚಿತ್ರದ ವೆಚ್ಚವನ್ನು ಭರಿಸಿದವು ಮುಂಬಯಿಯಲ್ಲಿ 1969ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ ಮತ್ತು ತಮಿಳುನಾಡು ಸರಕಾರ. ಅಂದಿನ ಪರಿಸ್ಥಿತಿಯಲ್ಲಿ ಸಾಕ್ಷ್ಯಚಿತ್ರಕಾರನಿಗೆ ಸಹಜವಾದ ಆಶ್ರಯವೆಂದರೆ 1948ರಲ್ಲಿ ಏರ್ಪಟ್ಟ, ಕೇಂದ್ರ ಸರಕಾರದ ಫಿಲ್ಮ್ಸ್ ಡಿವಿಷನ್. ರಾಯ್ ಅವರೇ ತಮ್ಮ ಗುರು ವಿನೋದವಿಹಾರಿ ಮುಖರ್ಜಿಯವರನ್ನು ಕುರಿತ ‘ದಿ ಇನ್ನರ್ ಐ’ ಚಿತ್ರವನ್ನು 1972ರಲ್ಲಿ ಆ ಸಂಸ್ಥೆಗಾಗಿಯೇ ತೆಗೆದಿದ್ದರು. ಅದು ಸುಮಾರು 20 ನಿಮಿಷಗಳದು. ದೃಷ್ಟಿ ಕಳೆದುಕೊಂಡ ಚಿತ್ರಕಾರನ ಭಿತ್ತಿಚಿತ್ರಗಳನ್ನು ತೋರಿಸಲು ಆ ಅಳತೆ ಸಾಕಾಯಿತು. ನೃತ್ಯದ ಗತಿ ಬೇರೆ. ಪದವೊಂದರ ಒಂದೇ ಸಾಲನ್ನು ಹಿಡಿದು ಅನೇಕ ಭಾವಗಳಾಗಿ ಬೆಳೆಸುವುದು ಬಾಲಸರಸ್ವತಿಯವರ ಕ್ರಮ. ಎಷ್ಟು ಹೊತ್ತು ಬೆಳೆಸಬೇಕೆಂಬುದನ್ನು ಆ ಗಳಿಗೆಯೇ ನಿರ್ಣಯಿಸಬೇಕು. ಫಿಲ್ಮು ಇದನ್ನು ಸಹಿಸದು. 35 ಮಿಲಿಮೀಟರ್ ಫಿಲ್ಮಿನ ಸಾವಿರ ಅಡಿಯ ಸುರುಳಿ ಓಡುವುದು ಸುಮಾರು 11 ನಿಮಿಷ. ಬಣ್ಣದ ಕಚ್ಚಾ ಫಿಲ್ಮು ವಿದೇಶದಿಂದ ಬರಬೇಕಾಗಿದ್ದ ಆ ದಿನಗಳಲ್ಲಿ ಪ್ರತಿ ಸುರುಳಿಗೂ ಹಣದ ಲೆಕ್ಕವಿತ್ತು. ಹಾಗಾಗಿ, ಯಾವ ಸಾಕ್ಷ್ಯಚಿತ್ರದಲ್ಲಾಗಲಿ ನರ್ತನವು ಮುಗಿದಂತೆ ಕಂಡಲ್ಲಿ, ಮುಗಿದುದು ಕಲೆಯೊ ಸುರುಳಿಯೊ ಎಂದು ಕೇಳಿಕೊಳ್ಳುವುದು ಒಳಿತು.

ಕನ್ನಡಿಗರಿಗೆ ವಿಶೇಷ ಕುತೂಹಲದ ಸಂಗತಿಯೊಂದಿದೆ. ಈ ಚಿತ್ರದ ಅತ್ಯಂತ ಪ್ರಸಿದ್ಧ ಭಾಗವು ಕನ್ನಡದ ಹಾಡಿನದು: 1539ರಲ್ಲಿ ಗತಿಸಿದ ವ್ಯಾಸರಾಯರ ರಚನೆಯೆಂದು ರೂಢಿಯಲ್ಲಿರುವ ‘ಕೃಷ್ಣಾ ನೀ ಬೇಗನೆ ಬಾರೋ’. ವಿಜಯನಗರದ ಯತಿಯ ಹಾಡು, ತಮಿಳು ಮನೆತನದ ನರ್ತಕಿ, ಬಂಗಾಳದ ನಿರ್ದೇಶಕ, ಇಂಗ್ಲಿಷಿನ ನಿರೂಪಣೆ, ಮುಂಬಯಿ ಮದರಾಸುಗಳ ಹಣ! ರಾಯ್ ಅವರು ಈ ಅಭಿನಯವನ್ನು ಕಡಲ ತೀರದಲ್ಲಿ ಚಿತ್ರಿಸಿಕೊಂಡರು. ಹಿಂದೆ ಅಲೆಗಳು, ಮುಂದೆ ನರ್ತಕಿ; ಗಾಳಿಗೆ ಸೀರೆಯ ಸೆರಗು ಹಾರಾಡುತ್ತದೆ. ನೋಡಲು ಸುಂದರವಾದ ದೃಶ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಣ್ಣಿನ ಕೊನೆಯಲ್ಲಿ, ಬೆರಳ ತುದಿಯಲ್ಲಿ ನಡೆಯುವ ಅಭಿನಯದ ಎದುರು ಸಮುದ್ರವನ್ನು ನಿಲ್ಲಿಸಿದುದು ನಮಗೆ ಒಪ್ಪಿಗೆಯಾಗದು. ಸೆರಗನ್ನು ನೋಡುವುದೊ ಮುಖವನ್ನು ನೋಡುವುದೊ?

ಇದೇ ಹಾಡಿನ ಅಭಿನಯವನ್ನು 1962ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕಪ್ಪುಬಿಳುಪಿನಲ್ಲಿ ಚಿತ್ರಿಸಿಡಲಾಗಿತ್ತು. ಅಲ್ಲಿ ಕಡಲಿಲ್ಲ, ಗಾಳಿಯಿಲ್ಲ. ಅದು ಸಂಗೀತ ನೃತ್ಯಗಳನ್ನು ಪಾಠವಾಗಿ ಕಂಡ ಸಂಸ್ಥೆಯ ದಾಖಲೆ. ‘ಬಾಲಾ’ ಚಿತ್ರವು ಆ ಕಲಾವಿದೆಯನ್ನು ಲೋಕಕ್ಕೆ ಪರಿಚಯಿಸಬಯಸಿದ ಆಶ್ರಯದಾತರ ಕಾಣಿಕೆ. ದೃಶ್ಯ ಹೀಗೇ ಇರಲೆಂದು ದಾತರು ವಿಧಿಸಿದರೆಂದು ನಾವು ಹೇಳುತ್ತಿಲ್ಲ. ಉದ್ದೇಶವು ಬೇರೆಯಾದಾಗ ನಿರ್ದೇಶಕನ ಆಯ್ಕೆಯೂ ಬೇರೆಯಾಗುವುದೆಂಬುದಷ್ಟೇ ನಮ್ಮ ವಾದ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ, 44ರ ಮತ್ತು 58ರ ವಯಸ್ಸಿನ ವ್ಯತ್ಯಾಸ ಯಾವುದು, ವೆಚ್ಚ ಮಾಡಿದವರ ಉದ್ದೇಶದಿಂದ ಬಂದ ವ್ಯತ್ಯಾಸ ಯಾವುದು ಎಂಬುದನ್ನು ಬಿಡಿಸಿಕೊಳ್ಳುವ ಕೆಲಸವಿದೆ. ಒಂದೇ ಚಿತ್ರವನ್ನು ನೋಡಿದವನಿಗೆ ಈ ಪ್ರಶ್ನೆಯೇ ಏಳದು.

ಬಾಲಸರಸ್ವತಿಯವರು 1984ರಲ್ಲಿ ನಿಧನರಾದರು. ಫಿಲ್ಮಿನ ಬೆಲೆಯ ತೊಡಕು ಈಗ ನಿವಾರಣೆಯಾಗಿದೆ. ಸ್ವತಂತ್ರವಾಗಿ ಚಿತ್ರ ತೆಗೆಯುವ ತರುಣರಿಗೆ 1993ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್‌ನಂತಹ ಸಂಸ್ಥೆಗಳ ನೆರವೂ ದೊರೆಯಬಹುದು. ತಮ್ಮೂರಿನ ವೃದ್ಧ ಭಾಗವತರನ್ನೊ ಗೊಂಬೆಯಾಟದವರನ್ನೊ ಚಿತ್ರಿಸಿಕೊಂಡು ಬರುವ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿಯೂ ಇದ್ದಾರೆ. ಅವರಲ್ಲಿ ನಮ್ಮ ವಿಜ್ಞಾಪನೆಯಿಷ್ಟು: ಕತ್ತರಿಸಿ ಜೋಡಿಸಿದ ಅರ್ಧ ಗಂಟೆಯ ಚಿತ್ರದೊಡನೆ, ಕತ್ತರಿಸದ ಭಾಗಗಳನ್ನೂ, ಚಿತ್ರಿಸಿದ ದಿನಾಂಕ, ಸ್ಥಳ, ಕಲಾವಿದರ ವಯಸ್ಸು, ಹಣ ಕೊಟ್ಟವರ ಹೆಸರು ಇವುಗಳ ಪಟ್ಟಿಯನ್ನೂ ವಿಭಾಗದ ಗ್ರಂಥಾಲಯಕ್ಕೆ ಒಪ್ಪಿಸತಕ್ಕದ್ದು.