ಉಬ್ಬಸಕ್ಕೆ ಆಳು ನೋಡಿ ಔಷಧ: ಒಂದು ಚಾರಿತ್ರಿಕ ನೋಟ

ಅಡಿಕೆ ಸುಲಿತ, ರಾಗಿ ಒಕ್ಕಣೆಯ ದೂಳು ಏಳುವ ದಿನಗಳಲ್ಲಿ ಶಿವನಿ, ಅಜ್ಜಂಪುರದ ಕಡೆ ಉಬ್ಬಸ ಇರುವವರಿಗೆ ರಾತ್ರಿ ಕಳೆಯುವುದೇ ಕಷ್ಟ. ಎಲ್ಲರ ಉಬ್ಬಸವೂ ಒಂದೇ ಅಲ್ಲ, ಔಷಧವೂ ಒಂದೇ ಆಗಬಾರದು ಎಂಬ ಮಾತನ್ನು ಈಗಿನ ದುಬಾರಿ ಆಸ್ಪತ್ರೆಗಳ ಆವಿಷ್ಕಾರವೆಂದು ತಿಳಿಯುವುದು ತಪ್ಪು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯ ಬಿಕ್ಕಳಿಕೆ ಮತ್ತು ಶ್ವಾಸರೋಗಗಳದ್ದು. ನಮ್ಮ ಉಬ್ಬಸವನ್ನು ಹೋಲುವ ಅಲ್ಲಿನ ತಮಕಶ್ವಾಸದ ರೋಗಿ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂತರೆ ಹಗುರ. ಕಫ ಹೊರಬಿದ್ದರೆ ಗಳಿಗೆ ಹೊತ್ತು ನೆಮ್ಮದಿ. ಮೋಡ ಕವಿದರೆ, ಮೂಡಗಾಳಿ ಬೀಸಿದರೆ ಮತ್ತೆ ಅದೇ ಪಾಡು. ಚಿಕಿತ್ಸೆಗೆ ಬಂದಾಗ ಗ್ರಂಥ ರೋಗಿಗಳನ್ನು ಬೇರ್ಪಡಿಸುತ್ತದೆ. ಕಫ ಹೆಚ್ಚಿದ್ದು ಮೈಯಲ್ಲಿ ಕಸುವಿರುವವನಿಗೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು). ವಾತ ಹೆಚ್ಚಿದ ದುರ್ಬಲನಿಗೆ, ಮಗುವಿಗೆ, ಮುದುಕನಿಗೆ ತುಪ್ಪ, ಬೇಳೆಕಟ್ಟು, ಮಾಂಸರಸ. ದುರ್ಬಲನಿಗೆ ಇಂಥ ಶೋಧನ ಮಾಡಿಸಿದರೆ ಪ್ರಾಣಕ್ಕೇ ಅಪಾಯ ಎಂಬ ಎಚ್ಚರಿಕೆಯೂ ಇದೆ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಆ ಎಚ್ಚರಿಕೆಯೇ.

ಯಾರಿಗೆ ಯಾವ ಔಷಧ ಎಂಬ ಇದೇ ಪ್ರಶ್ನೆಗೆ ಆಧುನಿಕ ವೈದ್ಯಶಾಸ್ತ್ರ ಸೂಕ್ಷ್ಮದರ್ಶಕ ಹಿಡಿದು ಬಂದಿತು. 1956ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ನಡೆಸಿದ ಪ್ರಯೋಗದಲ್ಲಿ, ದೀರ್ಘಕಾಲದ ಅಸ್ತಮಾಕ್ಕೆ ಕಾರ್ಟಿಸೋನಿನಿಂದ ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ. 1958ರಲ್ಲಿ ವೈದ್ಯ ಹ್ಯಾರಿ ಮಾರೋ ಬ್ರೌನ್ ರೋಗಿಗಳ ಕಫವನ್ನೇ ಗಾಜಿನ ಮೇಲೆ ಹಚ್ಚಿ ನೋಡಿದರು. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳಿದ್ದವರಿಗೆ ಕಾರ್ಟಿಸೋನಿನ ಜಾತಿಯದೇ ಆದ ಪ್ರೆಡ್ನಿಸೊಲೋನ್ ಹಿಡಿಯಿತು, ಇಲ್ಲದವರಿಗೆ ಹಿಡಿಯಲಿಲ್ಲ. ಈ ತಿಳಿವಳಿಕೆಗೆ ಗಟ್ಟಿ ಪುರಾವೆ ಸಿಕ್ಕಲು 2002ರವರೆಗೆ ಕಾಯಬೇಕಾಯಿತು: ಬ್ರಿಟನ್ನಿನ ಲೆಸ್ಟರ್‌ನಲ್ಲಿ 74 ರೋಗಿಗಳನ್ನು ಒಂದು ವರ್ಷ ಗಮನಿಸಿದಾಗ, ಕಫದ ಕಣ ನೋಡಿ ಔಷಧ ಕೊಟ್ಟ ಗುಂಪಿನಲ್ಲಿ ತೀವ್ರ ಉಲ್ಬಣ 35 ಸಲ, ರೂಢಿಯಂತೆ ಕೊಟ್ಟವರಲ್ಲಿ 109 ಸಲ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೆಪೊಲಿಜುಮ್ಯಾಬ್ ಚುಚ್ಚುಮದ್ದು ಇದೇ ಕಣದ ಬೆನ್ನುಹತ್ತಿದ್ದು.

ಆದರೆ ನಮ್ಮ ಸೀಮೆಯಲ್ಲಿ ಈ ಕಣವೊಂದನ್ನೇ ನಂಬುವಂತಿಲ್ಲ. ಕೋಲಾರದ ಗಡಿಯಾಚೆಯ ಮದನಪಲ್ಲಿ ಕ್ಷಯ ಆಸ್ಪತ್ರೆಯಿಂದ 1940ರಲ್ಲಿ ಫ್ರಿಮೋಟ್ ಮೋಲರ್ ಮತ್ತು ಬಾರ್ಟನ್ ಒಂದು ವಿಚಿತ್ರ ಕಾಯಿಲೆ ವರದಿ ಮಾಡಿದರು: ಎಕ್ಸ್‌ರೇ ಕ್ಷಯದಂತೆ, ರಕ್ತದ ತುಂಬ ಇಯೊಸಿನೊಫಿಲ್. ಇದರಲ್ಲಿ ರಾತ್ರಿಯ ಕೆಮ್ಮು, ಸುಂಯ್‌ಗುಟ್ಟುವ ಎದೆ ಉಬ್ಬಸದಂತೆಯೇ ಇರುತ್ತವೆ. ಮೂಲ ಆನೆಕಾಲಿನ ಹುಳು ಎಂಬುದು ಮುಂದೆ ಗೊತ್ತಾಯಿತು. ಇದಕ್ಕೆ ಬೇಕಾದದ್ದು ಡೈಈಥೈಲ್‌ಕಾರ್ಬಮಜೀನ್ ಗುಳಿಗೆ. ಹೊಟ್ಟೆಹುಳುವೂ ಈ ಕಣವನ್ನು ಹೆಚ್ಚಿಸುತ್ತದೆ.

ಊರಿನ ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಾ. ಎಚ್. ಪರಮೇಶ್ ಅವರ ಬೆಂಗಳೂರಿನ ಅಧ್ಯಯನದಲ್ಲಿ ಮಕ್ಕಳ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಯಿತು. ಮಕ್ಕಳ ಮೈಗುಣ ಇಪ್ಪತ್ತೇ ವರ್ಷಗಳಲ್ಲಿ ಅಷ್ಟು ಬದಲಾಗದು. ಸುತ್ತಣ ಹೊಗೆ, ದೂಳು ಬದಲಾಗಿರಬೇಕು.

ಹಾಗಾಗಿ ಶಿವನಿಯಂಥ ಊರಿಗೆ ಮೊದಲು ಬೇಕಾದದ್ದು ದುಬಾರಿ ಚುಚ್ಚುಮದ್ದಲ್ಲ. ಯಾವ ತಿಂಗಳು, ಯಾವ ಕೆಲಸದಲ್ಲಿ ಉಬ್ಬಸ ಏಳುತ್ತದೆಂದು ಕೇಳುವ ವ್ಯವಧಾನ, ಇಯೊಸಿನೊಫಿಲ್ ಎಣಿಸುವ ಅಗ್ಗದ ರಕ್ತಪರೀಕ್ಷೆ, ಇನ್‌ಹೇಲರ್ ಸರಿಯಾಗಿ ಎಳೆಯುವುದನ್ನು ಕಲಿಸುವ ಒಬ್ಬ ನರ್ಸ್. ಇಷ್ಟನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಒದಗಿಸಬೇಕೆಂದು ಆರೋಗ್ಯ ಇಲಾಖೆಯನ್ನು ಒತ್ತಾಯಿಸಬೇಕಾಗಿದೆ.